ಮುಸೋರ್ಗ್‌ಸ್ಕಿಯ ‘ಪ್ರದರ್ಶನದ ಚಿತ್ರಗಳು’: ಪಿಯಾನೊ ಮೊದಲೋ, ವಾದ್ಯವೃಂದ ಮೊದಲೋ?

ಹೊಸಕೇಳುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕರ್ನಾಟಕ ಸಂಗೀತವನ್ನು ಕೇಳುತ್ತ ಬೆಳೆದ ನಾನು ಈಚೆಗೆ ರಷ್ಯನ್ ಸಂಗೀತದ ಕಡೆಗೆ ಹೊರಳಿದ್ದೇನೆ. ಮಾದೆಸ್ತ್ ಮುಸೋರ್ಗ್‌ಸ್ಕಿ 1874ರಲ್ಲಿ ರಚಿಸಿದ ‘ಪ್ರದರ್ಶನದ ಚಿತ್ರಗಳು’ ಕೃತಿಯನ್ನು ವಾದ್ಯವೃಂದದ ಧ್ವನಿಮುದ್ರಣದಲ್ಲಿ ಕೇಳಿದೆ. ಕೊನೆಯ ಭಾಗವಾದ ಕೀವ್ ಮಹಾದ್ವಾರವಂತೂ ಮನಸ್ಸಿನಲ್ಲಿ ಅಚ್ಚೊತ್ತಿಬಿಟ್ಟಿದೆ. ಆದರೆ ಕೃತಿಯ ಬಗ್ಗೆ ಓದಲು ತೊಡಗಿದ ಮೇಲೆ ಕೆಲವು ಸಂಗತಿಗಳು ಬಗೆಹರಿಯದೆ ಉಳಿದಿವೆ.

ಇದು ವಿಕ್ಟರ್ ಹಾರ್ಟ್‌ಮನ್ ಎಂಬ ಕಲಾವಿದನ ಚಿತ್ರಗಳನ್ನು ಆಧರಿಸಿದ್ದು ಎಂದು ಎಲ್ಲ ಕಡೆಯೂ ಬರೆದಿದ್ದಾರೆ. ಆ ಚಿತ್ರಗಳನ್ನು ಹುಡುಕಿದರೆ ಹತ್ತರಲ್ಲಿ ಅರ್ಧ ಮಾತ್ರ ಸಿಗುತ್ತವೆ. ಸಿಕ್ಕವು ಕೂಡ ಸಂಗೀತದ ಭವ್ಯತೆಗೆ ಹೋಲಿಸಿದರೆ ಬಹಳ ಸಣ್ಣವಾಗಿ ಕಾಣುತ್ತವೆ. ಹಾಗಾದರೆ ಚಿತ್ರಗಳನ್ನು ಎದುರಿಗಿಟ್ಟುಕೊಂಡೇ ಕೇಳಬೇಕೇ, ಬಿಟ್ಟು ಕೇಳಬಹುದೇ? ಮೂಲ ರಚನೆ ಪಿಯಾನೊಗೆ ಮಾತ್ರ ಎಂಬುದೂ ನನಗೆ ಆಮೇಲೆ ತಿಳಿಯಿತು. ಮೂಲವನ್ನು ಮೊದಲು ಕೇಳಿದರೆ ಏನಾದರೂ ಹೆಚ್ಚು ದಕ್ಕುತ್ತದೆಯೇ? ಇನ್ನೊಂದು ವಿಷಯವೆಂದರೆ, ನಡುನಡುವೆ ಮರಳಿ ಬರುವ ‘ನಡಿಗೆ’ಯ ಭಾಗಕ್ಕೆ ತಾಳ ಹಾಕಲು ಹೋದರೆ ಪ್ರತಿ ಸಲವೂ ಎಲ್ಲೋ ತಪ್ಪಿಹೋಗುತ್ತದೆ. ಬಲ್ಲವರು ದಯವಿಟ್ಟು ವಿವರಿಸಿ.

ರೇಖಾಚಿತ್ರ

ಚಿತ್ರಗಳ ಬಗ್ಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಸಂಗೀತದ ಭಾಗವನ್ನು ಬಲ್ಲವರಿಗೆ ಬಿಡುತ್ತೇನೆ.

ನಿಮಗೆ ಆದ ನಿರಾಶೆ ಸಹಜವಾದದ್ದು, ಏಕೆಂದರೆ ‘ಚಿತ್ರಗಳು’ ಎಂದ ಕೂಡಲೇ ನಾವು ಗೋಡೆ ತುಂಬುವ ತೈಲಚಿತ್ರಗಳನ್ನು ನೆನೆಸಿಕೊಳ್ಳುತ್ತೇವೆ. ಹಾರ್ಟ್‌ಮನ್ (1834–1873) ವೃತ್ತಿಯಿಂದ ವಾಸ್ತುಶಿಲ್ಪಿ. ಹಳ್ಳಿಯ ಮರದ ಕೆತ್ತನೆ, ಕಸೂತಿ, ಹಳೆಯ ಚರ್ಚುಗಳ ಅಲಂಕಾರ ಇವನ್ನೆಲ್ಲ ಹೊಸ ಕಟ್ಟಡಗಳಿಗೆ ತರಲು ಹೊರಟ ಮೊದಲಿಗರಲ್ಲಿ ಅವನೂ ಒಬ್ಬ. ಮುಸೋರ್ಗ್‌ಸ್ಕಿ ಸಂಗೀತಕ್ಕೆ ಆರಿಸಿಕೊಂಡ ಕೆಲಸಗಳಲ್ಲಿ ಒಂದು, ಕ್ರಿಸ್‌ಮಸ್ ಮರಕ್ಕೆ ತೂಗುಹಾಕಲು ಮಾಡಿದ ಕುಬ್ಜನ ಆಕಾರದ ಆಟಿಕೆಯ ವಿನ್ಯಾಸ. ಇನ್ನೊಂದು, ಬ್ಯಾಲೆಯೊಂದರಲ್ಲಿ ಮಕ್ಕಳು ತೊಡಬೇಕಾದ ಮೊಟ್ಟೆಯ ಚಿಪ್ಪಿನ ಉಡುಪು. ಮಗದೊಂದು, ಕೋಳಿಕಾಲಿನ ಮೇಲೆ ನಿಂತ ಗುಡಿಸಲಿನ ರೂಪದ ಗಡಿಯಾರ. ಇವೆಲ್ಲ ಕುಶಲಕರ್ಮಿಯ ಕಾಗದದ ಮೇಲಿನ ಕೆಲಸಗಳು. ಆ ಗಡಿಯಾರವನ್ನು ನೋಡಿದ ಸಂಗೀತಗಾರನಿಗೆ ಕಂಡದ್ದು ಅದರೊಳಗೆ ವಾಸಿಸುವ ಬಾಬಾ ಯಾಗಾ ಎಂಬ ಮಾಟಗಾತಿ. ಅವಳು ಒರಳಿನಲ್ಲಿ ಕುಳಿತು ಕಾಡಿನ ಮೇಲೆ ಹಾರುವ ಜನಪದ ಕಥೆಯನ್ನು ರಷ್ಯದಲ್ಲಿ ಮಕ್ಕಳೂ ಬಲ್ಲರು. ಗಡಿಯಾರದ ಚಿತ್ರದಲ್ಲಿ ಆ ಹಾರಾಟವಿಲ್ಲ, ಸಂಗೀತದಲ್ಲಿ ಇರುವುದೆಲ್ಲ ಆ ಹಾರಾಟವೇ.

ಮಹಾದ್ವಾರದ ಕಥೆ ಇನ್ನೂ ವಿಚಿತ್ರವಾದದ್ದು. 1866ರ ಏಪ್ರಿಲ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಎರಡನೆಯ ಅಲೆಕ್ಸಾಂಡರ್ ದೊರೆಯ ಮೇಲೆ ಗುಂಡು ಹಾರಿಸಲಾಯಿತು, ದೊರೆ ಬದುಕಿದ. ಅದರ ನೆನಪಿಗೆ ಕೀವ್ ನಗರದಲ್ಲಿ ದ್ವಾರವೊಂದನ್ನು ಕಟ್ಟಿಸಲು ವಿನ್ಯಾಸ ಸ್ಪರ್ಧೆ ಏರ್ಪಟ್ಟಿತು, ಹಾರ್ಟ್‌ಮನ್ ಅದಕ್ಕಾಗಿ ಈ ನಕ್ಷೆಯನ್ನು ಬರೆದ. ಕಮಾನಿನ ಮೇಲೆ ರಷ್ಯನ್ ಹೆಂಗಸರ ಸಾಂಪ್ರದಾಯಿಕ ಶಿರೋಭೂಷಣದ ಆಕಾರ, ಪಕ್ಕದ ಗಂಟೆಗೋಪುರಕ್ಕೆ ಹಳೆಯ ಸ್ಲಾವ್ ಯೋಧರ ಶಿರಸ್ತ್ರಾಣದಂಥ ಗುಮ್ಮಟ, ಶತಮಾನಗಳ ಭಾರಕ್ಕೆ ನೆಲದಲ್ಲಿ ಅರ್ಧ ಹೂತುಹೋದಂತೆ ಕಾಣುವ ಗಿಡ್ಡ ಕಂಬಗಳು. ಸ್ಪರ್ಧೆಯೇ ರದ್ದಾಯಿತು, ದ್ವಾರ ಎಂದೂ ಕಟ್ಟಲ್ಪಡಲಿಲ್ಲ. ನಿಮ್ಮ ಮನಸ್ಸಿನಲ್ಲಿ ಅಚ್ಚೊತ್ತಿರುವ ಆ ದ್ವಾರ ಕಾಗದ ಮತ್ತು ಸ್ವರಗಳಲ್ಲಲ್ಲದೆ ಬೇರೆಲ್ಲಿಯೂ ಇಲ್ಲ.

ಹಾರ್ಟ್‌ಮನ್ 39ನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡ. ಮರುವರ್ಷ ವಿಮರ್ಶಕ ವ್ಲಾದಿಮಿರ್ ಸ್ತಾಸೊವ್ ಪೀಟರ್ಸ್‌ಬರ್ಗ್‌ನ ಕಲಾ ಅಕಾಡೆಮಿಯಲ್ಲಿ ಅವನ ಸುಮಾರು 400 ಕೃತಿಗಳ ಸ್ಮರಣ ಪ್ರದರ್ಶನವನ್ನು ಏರ್ಪಡಿಸಿದ. ಅವುಗಳಲ್ಲಿ ಹೆಚ್ಚಿನವು ಆಮೇಲೆ ಚದುರಿ ಕಾಣೆಯಾದವು. ಆದ್ದರಿಂದ ಚಿತ್ರಗಳನ್ನು ಹುಡುಕಲು ಹೆಚ್ಚು ಶ್ರಮಪಡಬೇಡಿ. ಪ್ಯಾರಿಸ್‌ನ ಭೂಗತ ಸಮಾಧಿಗಳ ಜಲವರ್ಣವನ್ನು ಮಾತ್ರ ತಪ್ಪದೆ ನೋಡಿ. ಅದರಲ್ಲಿ ಲಾಂದ್ರ ಹಿಡಿದ ಮಾರ್ಗದರ್ಶಿಯ ಜೊತೆಗೆ ತಲೆಬುರುಡೆಗಳ ರಾಶಿಯನ್ನು ನೋಡುತ್ತ ನಿಂತವರಲ್ಲಿ ಒಬ್ಬ ಸ್ವತಃ ಹಾರ್ಟ್‌ಮನ್. ಆ ಚಿತ್ರದ ಮುಂದೆ ನಿಂತ ಮುಸೋರ್ಗ್‌ಸ್ಕಿ ಸತ್ತ ಗೆಳೆಯ ಸತ್ತವರನ್ನು ನೋಡುತ್ತಿರುವುದನ್ನು ನೋಡಿದ್ದಾನೆ ಎಂಬುದನ್ನು ಕೇಳುವಾಗ ನೆನಪಿಡಬೇಕು.

ಕಪ್ಪುಬಿಳಿಮನೆ

ಪಿಯಾನೊ ಕಲಿಸುವವನಾಗಿ ನನ್ನ ಉತ್ತರ ಖಚಿತವಾಗಿದೆ: ಪಿಯಾನೊವನ್ನೇ ಮೊದಲು ಕೇಳಿ. ಮೂಲವೆಂಬ ಗೌರವದಿಂದ ಈ ಮಾತು ಹೇಳುತ್ತಿಲ್ಲ. ಈ ಕೃತಿಯ ಒಳಗೆ ಒಬ್ಬ ಮನುಷ್ಯ ನಡೆದಾಡುತ್ತಿದ್ದಾನೆ, ಒಬ್ಬನೇ ವಾದಕ ನುಡಿಸಿದಾಗ ಆ ಮನುಷ್ಯ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟವಾಗಿ ನೂರು ಮಂದಿ ನುಡಿಸಿದಾಗ ಕಾಣುವುದಿಲ್ಲ.

ಇದನ್ನು ಜೂನ್ ತಿಂಗಳಲ್ಲಿ ಸುಮಾರು ಮೂರು ವಾರಗಳಲ್ಲಿ ಬರೆದು ಮುಗಿಸುವ ಭರದಲ್ಲಿದ್ದಾಗ ಮುಸೋರ್ಗ್‌ಸ್ಕಿ ಸ್ತಾಸೊವ್‌ನಿಗೆ ಕಾಗದ ಬರೆದು, ಚಿತ್ರಗಳ ನಡುವಿನ ಆ ಮಧ್ಯಭಾಗಗಳಲ್ಲಿ ತನ್ನ ಮುಖವೇ ಕಾಣುತ್ತದೆ ಎಂದು ತಿಳಿಸಿದ್ದ. ಅಂದರೆ ‘ನಡಿಗೆ’ ಎಂಬುದು ಒಂದು ಚಿತ್ರದಿಂದ ಇನ್ನೊಂದಕ್ಕೆ ದಾಟಿಸುವ ಸೇತುವೆ ಮಾತ್ರವಲ್ಲ. ಅದು ನೋಡುವವನ ಮನಸ್ಸು, ಹಿಂದಿನ ಚಿತ್ರ ಏನು ಮಾಡಿತೋ ಅದನ್ನು ಹೊತ್ತುಕೊಂಡು ಮುಂದೆ ಹೋಗುತ್ತದೆ. ಮೊದಲ ನಡಿಗೆ ಗಟ್ಟಿಯಾದ ಹೆಜ್ಜೆಯದು. ಕುಬ್ಜನ ಚಿತ್ರವಾದ ಮೇಲೆ ಅದೇ ರಾಗರೇಖೆ ಮೆತ್ತಗಾಗುತ್ತದೆ. ಎತ್ತಿನ ಗಾಡಿ ಸಾಗಿಹೋದ ಮೇಲೆ ಎತ್ತರದ ಸ್ಥಾಯಿಯಲ್ಲಿ, ಮಂಕಾದ ಛಾಯೆಯಲ್ಲಿ ಕೇಳಿಸುತ್ತದೆ. ಭೂಗತ ಸಮಾಧಿಗಳನ್ನು ತಲುಪುವ ಹೊತ್ತಿಗೆ ನೋಡುವವನು ಚಿತ್ರದ ಹೊರಗೆ ನಿಲ್ಲಲಾರದೆ ಅದರೊಳಕ್ಕೇ ಹೋಗಿಬಿಡುತ್ತಾನೆ. ಬಲಗೈ ಮೇಲಿನ ಸ್ಥಾಯಿಯಲ್ಲಿ ಕಂಪಿಸುತ್ತಿರುವಾಗ ಕೆಳಗಿನಿಂದ ನಡಿಗೆಯ ರಾಗರೇಖೆಯೇ ವಿಷಾದದ ಛಾಯೆಯ ಮೈನರ್ ಶ್ರುತಿಯಲ್ಲಿ ಎದ್ದು ಬರುತ್ತದೆ. ಹಸ್ತಪ್ರತಿಯ ಆ ಜಾಗದಲ್ಲಿ ಅವನು, ತೀರಿಕೊಂಡ ಹಾರ್ಟ್‌ಮನ್‌ನ ಚೈತನ್ಯ ತನ್ನನ್ನು ಬುರುಡೆಗಳ ಬಳಿಗೆ ಕರೆದೊಯ್ಯುತ್ತದೆ, ಬುರುಡೆಗಳು ಒಳಗಿನಿಂದ ಮಂದವಾಗಿ ಬೆಳಗುತ್ತವೆ ಎಂಬ ಅರ್ಥದ ಟಿಪ್ಪಣಿಯನ್ನು ಬರೆದಿದ್ದಾನೆ.

ಈ ಜಾಗ ಇಷ್ಟು ತೀವ್ರವಾಗಿರುವುದಕ್ಕೆ ಕಾರಣವನ್ನು ಅವನ ಇನ್ನೊಂದು ಕಾಗದದಲ್ಲಿ ಕಾಣಬಹುದು. ಹಾರ್ಟ್‌ಮನ್ ಸತ್ತ ಕೆಲದಿನಗಳಲ್ಲೇ ಬರೆದದ್ದು ಅದು. ಇಬ್ಬರೂ ಪೀಟರ್ಸ್‌ಬರ್ಗ್‌ನ ಬೀದಿಯೊಂದರಲ್ಲಿ ನಡೆದು ಬರುತ್ತಿದ್ದಾಗ ಹಾರ್ಟ್‌ಮನ್ ಹಠಾತ್ತನೆ ನಿಂತು, ಮುಖ ಬಿಳಿಚಿಕೊಂಡು ಗೋಡೆಗೆ ಒರಗಿದ. ಉಸಿರಾಡಲು ಆಗುತ್ತಿಲ್ಲ ಎಂದ. ಮುಸೋರ್ಗ್‌ಸ್ಕಿ ಅದನ್ನು ದೊಡ್ಡದೆಂದು ಭಾವಿಸದೆ, ಸ್ವಲ್ಪ ಸುಧಾರಿಸಿಕೊಂಡು ಮುಂದೆ ಹೋಗೋಣ ಎಂದಷ್ಟೇ ಹೇಳಿದ. ಆಮೇಲೆ ಆ ಮಾತು ಅವನನ್ನು ಬಹಳವಾಗಿ ಕೊರೆಯಿತು. ಹಾಗಾಗಿ ‘ನಡಿಗೆ’ಯನ್ನು ಚಿತ್ರಶಾಲೆಯೊಳಗಿನ ವಿರಾಮದ ಅಡ್ಡಾಟವೆಂದು ಕೇಳಲು ನನಗೆ ಸಾಧ್ಯವಿಲ್ಲ.

ಇನ್ನು ವಾದ್ಯವೃಂದದ ರೂಪಕ್ಕೆ ಬರೋಣ. ನೀವು ಕೇಳಿರುವುದು ಬಹುತೇಕ ಫ್ರೆಂಚ್ ಸಂಗೀತ ರಚನಕಾರ ಮಾರಿಸ್ ರಾವೆಲ್ 1922ರಲ್ಲಿ ಮಾಡಿದ ರೂಪವಿರಬೇಕು. ಅದು ಅಸಾಧಾರಣ ಕೆಲಸ, ಸಂದೇಹವಿಲ್ಲ. ಆದರೆ ರಾವೆಲ್ ಐದನೆಯ ನಡಿಗೆಯನ್ನು ಪೂರ್ತಿ ಕೈಬಿಟ್ಟಿದ್ದಾನೆ. ಮೂಲದಲ್ಲಿ ಅದು ಮೊದಲ ನಡಿಗೆಯ ಹತ್ತಿರದ ಪುನರಾವರ್ತನೆ, ಕೃತಿಯ ನಡುಮಧ್ಯದಲ್ಲಿ ನಿಂತು ನೋಡುಗನು ಮತ್ತೊಮ್ಮೆ ಬಾಗಿಲಿನಿಂದ ಹೊರಟಂತೆ ಮಾಡುತ್ತದೆ. ಎತ್ತಿನ ಗಾಡಿಯ ಭಾಗದಲ್ಲೂ ಇದೇ ಬಗೆಯ ವ್ಯತ್ಯಾಸವಿದೆ. ರಾವೆಲ್‌ನಲ್ಲಿ ಗಾಡಿ ದೂರದಲ್ಲಿ ಮೆಲ್ಲಗೆ ಕೇಳಿಸಿ, ಹತ್ತಿರ ಬಂದು, ಕ್ರಮೇಣ ಮರೆಯಾಗುತ್ತದೆ. ಹಸ್ತಪ್ರತಿಯಲ್ಲಿ ಮುಸೋರ್ಗ್‌ಸ್ಕಿ ಮೊದಲ ಸ್ವರಕ್ಕೇ ಅತಿ ಗಟ್ಟಿಯಾದ ನಾದವನ್ನು ಸೂಚಿಸಿದ್ದಾನೆ, ಗಾಡಿ ಕಣ್ಣೆದುರಿಗೇ ನಿಂತಿದೆ. ಮೆಲ್ಲಗೆ ಆರಂಭಿಸುವುದು ಅವನ ಗೆಳೆಯ, ಸಂಗೀತ ರಚನಕಾರ ರಿಮ್‌ಸ್ಕಿ-ಕೊರ್ಸಕೋವ್ ತಿದ್ದಿದ ಪಾಠ (ಸ್ವರಲಿಪಿಯ ರೂಪ). ಮುಸೋರ್ಗ್‌ಸ್ಕಿ ತೀರಿಕೊಂಡ ಐದು ವರ್ಷಗಳ ನಂತರ, 1886ರಲ್ಲಿ ಕೃತಿ ಮೊದಲ ಬಾರಿ ಅಚ್ಚಾದದ್ದು ಆ ಪಾಠದಲ್ಲೇ, ರಾವೆಲ್‌ನ ಕೈಗೆ ಸಿಕ್ಕದ್ದೂ ಅದೇ. ಎರಡು ಎತ್ತುಗಳು ಎಳೆಯುವ ಭಾರವಾದ ಪೋಲಿಷ್ ಗಾಡಿ ಮುನ್ಸೂಚನೆಯಿಲ್ಲದೆ ಎದುರಾಗುವುದಕ್ಕೂ ದೂರದಿಂದ ಸಾಗಿ ಬರುವುದಕ್ಕೂ ಬಹಳ ಅಂತರವಿದೆ. ಒಂದರಲ್ಲಿ ಚಿತ್ರ ನೋಡುಗನ ಮೇಲೆರಗುತ್ತದೆ, ಇನ್ನೊಂದರಲ್ಲಿ ಅದು ಸುಂದರವಾದ ದೃಶ್ಯವಾಗುತ್ತದೆ.

ಧ್ವನಿಮುದ್ರಣಗಳಲ್ಲಿ ಪಿಯಾನೊ ವಾದಕ ಸ್ವ್ಯಾತೊಸ್ಲಾವ್ ರಿಖ್ತರ್ 1958ರಲ್ಲಿ ಸೋಫಿಯಾ ನಗರದ ಕಛೇರಿಯಲ್ಲಿ ನುಡಿಸಿದ್ದನ್ನು ಹುಡುಕಿ ಕೇಳಿ. ಸಭಿಕರ ಕೆಮ್ಮು ಕೇಳಿಸುತ್ತದೆ, ಆರಂಭದಲ್ಲಿ ಸ್ವರಗಳು ತಪ್ಪಿರುವುದೂ ಇದೆ. ಆದರೂ ಆ ಮನುಷ್ಯ ಅಲ್ಲಿ ನಿಜವಾಗಿ ನಡೆಯುತ್ತಾನೆ.

ಕಂಚಿನಗಂಟೆ

ಕಪ್ಪುಬಿಳಿಮನೆಯವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತಲೇ ವಾದ್ಯವೃಂದದ ಪರವಾಗಿ ಎರಡು ಮಾತು ಹೇಳಬೇಕೆನ್ನಿಸುತ್ತದೆ.

ಮೊದಲನೆಯದಾಗಿ, ಈ ಕೃತಿ ಇಂದು ಲೋಕಕ್ಕೆಲ್ಲ ಪರಿಚಿತವಾಗಿರುವುದು ರಾವೆಲ್‌ನಿಂದ, ಅವನಿಂದ ಮಾಡಿಸಿದ ಸೆರ್ಗೆಯ್ ಕುಸ್ಸೆವಿಟ್ಸ್ಕಿಯಿಂದ. ರಷ್ಯವನ್ನು ತೊರೆದು ಪ್ಯಾರಿಸ್‌ಗೆ ಬಂದಿದ್ದ ಈ ವಾದ್ಯವೃಂದ ನಿರ್ದೇಶಕ 1922ರ ಅಕ್ಟೋಬರ್‌ನಲ್ಲಿ ಅಲ್ಲಿಯೇ ಅದರ ಮೊದಲ ಪ್ರದರ್ಶನವನ್ನು ನಡೆಸಿದ. ಅದಕ್ಕೆ ಮೊದಲು ಪಿಯಾನೊ ವಾದಕರು ಇದನ್ನು ಅಪರೂಪಕ್ಕೆ ಮುಟ್ಟುತ್ತಿದ್ದರು. ಬೆರಳುಗಳಿಗೆ ಒಗ್ಗದ ಬರವಣಿಗೆ ಎಂಬ ದೂರು ಇತ್ತು. ವಾದ್ಯವೃಂದದ ಯಶಸ್ಸೇ ಜನರನ್ನು ಮೂಲದ ಕಡೆಗೆ ತಿರುಗಿಸಿತು.

ಎರಡನೆಯದು ನಾದದ ವಿಷಯ. ಪಿಯಾನೊದಲ್ಲಿ ಒಮ್ಮೆ ಒತ್ತಿದ ಸ್ವರ ಕ್ಷಣಕ್ಷಣಕ್ಕೂ ಕುಗ್ಗುತ್ತಲೇ ಹೋಗುತ್ತದೆ. ಮಹಾದ್ವಾರದ ಭಾಗದಲ್ಲಿರುವ ದೀರ್ಘವಾದ ಸ್ವರಸಮೂಹಗಳು ಕುಗ್ಗಬಾರದ ನಾದವನ್ನು ಬೇಡುತ್ತವೆ. ಅಲ್ಲಿ ಕೇಳಿಸುವುದು ಆರ್ಥೊಡಾಕ್ಸ್ ಚರ್ಚಿನ ಗಂಟೆಗಳು. ಪಾಶ್ಚಾತ್ಯ ಚರ್ಚುಗಳಲ್ಲಿ ಗಂಟೆಯೇ ತೂಗಾಡುವುದುಂಟು. ರಷ್ಯದಲ್ಲಿ ಗಂಟೆ ಅಲುಗದೆ ನಿಂತಿರುತ್ತದೆ, ಒಳಗಿನ ನಾಲಗೆಯನ್ನು ಹಗ್ಗದಿಂದ ಎಳೆದು ಬಾರಿಸುತ್ತಾರೆ. ಆದ್ದರಿಂದ ದೊಡ್ಡ ಗಂಟೆಯ ನಿಧಾನವಾದ ಪೆಟ್ಟಿನ ಮೇಲೆ ಸಣ್ಣ ಗಂಟೆಗಳ ಚುರುಕಾದ ಲಯವನ್ನು ಹೆಣೆಯಲು ಬಾರಿಸುವವನಿಗೆ ಸಾಧ್ಯವಾಗುತ್ತದೆ. 1874ರ ಆರಂಭದಲ್ಲಿ ಮಾರಿನ್‌ಸ್ಕಿ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡ ‘ಬೊರಿಸ್ ಗೊದುನೊವ್’ ಒಪೇರಾದ ಪಟ್ಟಾಭಿಷೇಕದ ದೃಶ್ಯದಲ್ಲೂ ಮುಸೋರ್ಗ್‌ಸ್ಕಿ ಇಂಥದೇ ಗಂಟೆಗಳನ್ನು ವಾದ್ಯವೃಂದದಿಂದ ಮೊಳಗಿಸಿದ್ದ. ಗಂಟೆಗಳ ನಡುವೆ ನಡಿಗೆಯ ರಾಗರೇಖೆ ಮತ್ತೆ ತಲೆಯೆತ್ತುವ ಆ ಕ್ಷಣ ರಾವೆಲ್‌ನಲ್ಲಿ ಬೆಳಗುವಷ್ಟು ಪಿಯಾನೊದಲ್ಲಿ ಬೆಳಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ‘ಹಳೆಯ ಕೋಟೆ’ ಎಂಬ ಭಾಗದ ಹಾಡನ್ನು ಸ್ಯಾಕ್ಸೊಫೋನ್‌ಗೆ ಕೊಟ್ಟದ್ದಂತೂ ರಾವೆಲ್‌ನ ಅತ್ಯಂತ ಸರಿಯಾದ ನಿರ್ಧಾರಗಳಲ್ಲಿ ಒಂದು. ಆ ವಾದ್ಯದ ಮನುಷ್ಯಸ್ವರದಂಥ ವಿಷಾದಕ್ಕೆ ಬದಲಿಯಿಲ್ಲ.

ಕಪ್ಪುಬಿಳಿಮನೆ

ಗಂಟೆಗಳ ಬಗ್ಗೆ ಬರೆದದ್ದು ಪೂರ್ತಿ ಸರಿ, ಆ ಪುಟದಲ್ಲಿ ಪಿಯಾನೊ ಸೋಲುತ್ತದೆ ಎಂದು ನುಡಿಸುವವರೆಲ್ಲರಿಗೂ ಗೊತ್ತು. ಆದರೆ ದ್ವಾರದ ಭಾಗದಲ್ಲಿ ಎರಡು ಬಾರಿ ಎಲ್ಲ ಅಬ್ಬರವೂ ನಿಂತು, ಚರ್ಚಿನ ಸ್ತೋತ್ರವೊಂದು ಸಣ್ಣ ದನಿಯಲ್ಲಿ ಬರುತ್ತದಲ್ಲವೇ? ಅದಕ್ಕೆ ಮುಸೋರ್ಗ್‌ಸ್ಕಿ ಕೊಟ್ಟಿರುವ ಸೂಚನೆ, ಭಾವಾಭಿನಯವಿಲ್ಲದೆ ನುಡಿಸಬೇಕು ಎಂಬುದು. ಪಿಯಾನೊದ ಬಡತನ ಅಲ್ಲಿ ಶ್ರೀಮಂತಿಕೆಯಾಗುತ್ತದೆ. ಎರಡನ್ನೂ ಕೇಳಿದವರು ಆ ಜಾಗವನ್ನು ಹೋಲಿಸಿ ನೋಡಬೇಕೆಂದು ವಿನಂತಿ.

ಲಯವಿನ್ಯಾಸ

ತಾಳದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹೊಸಕೇಳುಗ ಅವರೇ, ನಿಮ್ಮ ಕೈ ತಪ್ಪುತ್ತಿಲ್ಲ. ನಡಿಗೆಯ ಆರಂಭದ ಸಾಲುಗಳಲ್ಲಿ ಐದು ಎಣಿಕೆಯ ಒಂದು ಘಟಕ, ಆರು ಎಣಿಕೆಯ ಇನ್ನೊಂದು ಘಟಕ, ಹೀಗೆ ಪರ್ಯಾಯವಾಗಿ ಬರುತ್ತವೆ. ಎರಡನ್ನೂ ಸೇರಿಸಿ ಹನ್ನೊಂದನ್ನು ಒಂದು ಆವರ್ತವೆಂದು ಎಣಿಸಿದರೆ ಮೊದಲ ಕೆಲವು ಸಾಲುಗಳು ಅಚ್ಚುಕಟ್ಟಾಗಿ ಕೂರುತ್ತವೆ. ನಮ್ಮ ಮಿಶ್ರಜಾತಿ ತ್ರಿಪುಟಕ್ಕೂ ಹನ್ನೊಂದೇ ಅಕ್ಷರವಾದರೂ ಅದರ ಅಂಗಗಳು ಏಳು, ಎರಡು, ಎರಡು ಎಂದು ಒಡೆಯುವುದರಿಂದ ಆ ಕ್ರಿಯೆಯನ್ನು ಇಲ್ಲಿ ಹೇರಬೇಡಿ. ಐದು ಮತ್ತು ಆರು ಎಂದೇ ಎಣಿಸಿ. ಮುಂದೆ ಹೋದಂತೆ ಈ ಪರ್ಯಾಯವೂ ಸಡಿಲಗೊಂಡು ಆರರ ಎಣಿಕೆ ಹೆಚ್ಚುತ್ತದೆ. ಆಗ ಎಣಿಕೆಯನ್ನು ಬಿಟ್ಟು ಸಾಲಿನ ಉಸಿರನ್ನು ಹಿಡಿಯುವುದೇ ಒಳ್ಳೆಯದು.

ಹೀಗೇಕೆ ಎಂದರೆ, ಮುಸೋರ್ಗ್‌ಸ್ಕಿ ಸ್ವರಲಿಪಿಯ ಮೇಲೆಯೇ ‘ರಷ್ಯನ್ ರೀತಿಯಲ್ಲಿ’ ಎಂದು ಬರೆದಿದ್ದಾನೆ. ರಷ್ಯದ ಹಳ್ಳಿಯ ಹಾಡುಗಳಲ್ಲಿ ಲಯ ಮಾತಿನ ಉದ್ದವನ್ನು ಅನುಸರಿಸುತ್ತದೆ, ಮಾತನ್ನು ಕತ್ತರಿಸಿ ಸಮವಾದ ಅಳತೆಗೆ ಕೂರಿಸುವುದಿಲ್ಲ. ರಷ್ಯನ್ ಸಂಗೀತ ರಚನಕಾರ ಮಿಖಾಯಿಲ್ ಗ್ಲಿಂಕಾ 1836ರಷ್ಟು ಹಿಂದೆಯೇ ತನ್ನ ಒಪೇರಾದ ಮದುವೆಯ ವೃಂದಗಾನವನ್ನು ಐದರ ಎಣಿಕೆಯಲ್ಲಿ ಬರೆದಿದ್ದ. ಮುಸೋರ್ಗ್‌ಸ್ಕಿಯ ಗೆಳೆಯ ರಿಮ್‌ಸ್ಕಿ-ಕೊರ್ಸಕೋವ್ 1882ರಲ್ಲಿ ಪ್ರದರ್ಶನ ಕಂಡ ‘ಸ್ನೆಗುರೊಚ್ಕಾ’ ಒಪೇರಾದ ಕೊನೆಯ ವೃಂದಗಾನವನ್ನು ನೇರವಾಗಿ ಹನ್ನೊಂದರಲ್ಲೇ ಇಟ್ಟ. ಇನ್ನೊಂದು ಹಳ್ಳಿಯ ಗುರುತೂ ಇದೆ. ನಡಿಗೆಯ ಮೊದಲ ಸಾಲು ಒಂಟಿ ದನಿಯಲ್ಲಿ ಬರುತ್ತದೆ, ಕೂಡಲೇ ಅದೇ ಸಾಲನ್ನು ಹಲವು ಸ್ವರಗಳ ಗುಂಪು ಎತ್ತಿಕೊಳ್ಳುತ್ತದೆ. ನಮ್ಮ ಭಜನೆಯ ಮೇಳದಲ್ಲಿ ಒಬ್ಬರು ಹೇಳಿಕೊಟ್ಟದ್ದನ್ನು ಉಳಿದವರು ಎತ್ತಿ ಹಾಡುವ ಹಾಗೆ ಅಲ್ಲಿಯೂ ಮೊದಲ ಹಾಡುಗಾರ ಎತ್ತಿಕೊಟ್ಟದ್ದನ್ನು ಇಡೀ ಗುಂಪು ಹಿಡಿಯುತ್ತದೆ. ಪಟ್ಟಣದ ಚಿತ್ರಶಾಲೆಯಲ್ಲಿ ಒಬ್ಬಂಟಿಯಾಗಿ ನಡೆಯುತ್ತಿರುವವನ ಕಾಲಲ್ಲಿ ಹಳ್ಳಿಯ ಗುಂಪುಗಾನದ ಹೆಜ್ಜೆ ಇದೆ ಎಂಬುದು ನನಗೆ ಈ ಕೃತಿಯಲ್ಲಿ ಬಹಳ ಮೆಚ್ಚುಗೆಯಾದ ಸಂಗತಿ.

ಹೊಸಕೇಳುಗ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ರಿಖ್ತರ್ ಅವರ ಕಛೇರಿಯನ್ನು ಪೂರ್ತಿಯಾಗಿ ಕೇಳಿದೆ. ಐದು–ಆರರ ಎಣಿಕೆ ಸರಿಯಾಗಿ ಕೂತಿತು. ಸಮಾಧಿಗಳ ಭಾಗದಲ್ಲಿ ನಡಿಗೆಯ ರಾಗರೇಖೆಯನ್ನು ಈ ಸಲ ಗುರುತಿಸಿದೆ. ಇನ್ನೊಂದು ಸಂದೇಹ ಉಳಿದಿದೆ. ‘ಇಬ್ಬರು ಯೆಹೂದಿಗಳು, ಒಬ್ಬ ಶ್ರೀಮಂತ, ಒಬ್ಬ ಬಡವ’ ಎಂಬ ಶೀರ್ಷಿಕೆಯ ಭಾಗ ನನ್ನನ್ನು ಸ್ವಲ್ಪ ಕಸಿವಿಸಿಗೊಳಿಸಿತು. ಇದು ಒಂದು ಸಮುದಾಯದ ಅಣಕವೇ?

ರೇಖಾಚಿತ್ರ

ಕೇಳಲೇಬೇಕಾದ ಪ್ರಶ್ನೆ ಇದು, ಸುಲಭವಾಗಿ ಮುಚ್ಚಿಹಾಕಬಾರದು. ನೀವು ಹೇಳಿದ ಶೀರ್ಷಿಕೆ ಸ್ತಾಸೊವ್‌ನ ವಿವರಣೆಯಿಂದ ಬಂದದ್ದು. ಹಸ್ತಪ್ರತಿಯಲ್ಲಿ ಇರುವುದು ಸಾಮುಯೆಲ್ ಗೋಲ್ಡನ್‌ಬರ್ಗ್, ಶ್ಮುಯ್ಲೆ ಎಂಬ ಎರಡು ಹೆಸರುಗಳು ಮಾತ್ರ. ಸಾಮುಯೆಲ್ ಎಂಬ ಹೆಸರಿನ ಯಿಡ್ಡಿಷ್ ರೂಪವೇ ಶ್ಮುಯ್ಲೆ ಆದ್ದರಿಂದ, ಇಬ್ಬರೂ ಒಬ್ಬನೇ ಮನುಷ್ಯ, ಜರ್ಮನ್ ಹೆಸರಿನ ಗತ್ತಿನ ಕೆಳಗಿರುವ ಬಡ ಯೆಹೂದಿಯನ್ನು ಬಯಲಿಗೆಳೆಯುವ ಚುಚ್ಚುಮಾತು ಇದು ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಮುಸೋರ್ಗ್‌ಸ್ಕಿಯ ಕಾಗದಗಳಲ್ಲಿ ಯೆಹೂದಿಗಳ ಬಗ್ಗೆ ಕೀಳಾದ ಮಾತುಗಳು ಇರುವುದು ನಿಜ, ಅದನ್ನು ಅಲ್ಲಗಳೆಯಲಾಗದು. ಅದೇ ಮನುಷ್ಯ ಯೆಹೂದಿ ಹಾಡುಗಳ ಧಾಟಿಯನ್ನು ಮೆಚ್ಚಿ ತನ್ನ ರಚನೆಗಳಲ್ಲಿ ಬಳಸಿಕೊಂಡದ್ದೂ ನಿಜ.

ಚಿತ್ರಗಳು ಹೇಳುವ ಕಥೆ ಬೇರೆ. ಹಾರ್ಟ್‌ಮನ್ ಪೋಲೆಂಡಿನ ಸಾಂಡೊಮಿಯೆರ್ಜ್ ಪಟ್ಟಣದಲ್ಲಿ ಬಿಡಿಸಿದ ಎರಡು ಪ್ರತ್ಯೇಕ ಚಿತ್ರಗಳು ಅವು. ಒಂದರಲ್ಲಿ ತುಪ್ಪಳದ ಟೊಪ್ಪಿಗೆಯ ಗಂಭೀರ ಮುಖ. ಇನ್ನೊಂದರಲ್ಲಿ ತಲೆ ಬಾಗಿಸಿ ಕುಳಿತ ಮುದುಕ, ಪಕ್ಕದಲ್ಲಿ ಅವನ ಕೋಲು ಮತ್ತು ಗಂಟು. ಎರಡರಲ್ಲಿಯೂ ಅಣಕದ ಗೆರೆ ಒಂದೂ ಇಲ್ಲ. ಅವು ಮುಸೋರ್ಗ್‌ಸ್ಕಿಯ ಸ್ವಂತ ಸಂಗ್ರಹದಲ್ಲಿದ್ದವು; ಪ್ರದರ್ಶನಕ್ಕೆ ಅವನೇ ಎರವಲು ಕೊಟ್ಟಿದ್ದ. ಚಿತ್ರಕಾರನ ಅನುಕಂಪ ಸಂಗೀತಗಾರನಲ್ಲಿ ಎಷ್ಟು ಉಳಿದಿದೆ ಎಂಬುದರ ಬಗ್ಗೆ ನನ್ನ ಅನಿಸಿಕೆ ಹೀಗಿದೆ: ಬಡವನ ನಡುಗುವ, ಒಂದೇ ಸ್ವರವನ್ನು ಬೇಡುತ್ತ ಬಡಿಯುವ ಸಾಲಿನಲ್ಲಿ ನೋವು ಇದೆ, ಆದರೆ ಅದನ್ನು ಅಡಗಿಸುವ ಶ್ರೀಮಂತನ ದನಿಗೆ ಸಂಗೀತ ಹೆಚ್ಚು ಬಲ ಕೊಟ್ಟಿದೆ. ನಿಮ್ಮ ಕಸಿವಿಸಿಯನ್ನು ಇಟ್ಟುಕೊಂಡೇ ಕೇಳಿ.

ಕಪ್ಪುಬಿಳಿಮನೆ

ಅದೇ ಭಾಗದ ಬಗ್ಗೆ ಒಂದು ಸಣ್ಣ ಸೇರ್ಪಡೆ. ಅದರ ಕೊನೆಯ ನಾಲ್ಕು ಸ್ವರಗಳಲ್ಲಿ ಮೂರನೆಯದು 1886ರ ಮುದ್ರಣದಲ್ಲಿ ಬದಲಾಗಿತ್ತು. ಹಸ್ತಪ್ರತಿಯಲ್ಲಿ ಕೊನೆಯ ಎರಡು ಸ್ವರಗಳು ಒಂದೇ, ಬಾಗಿಲನ್ನು ಎರಡು ಸಲ ಬಡಿದು ಮುಚ್ಚಿದಂತೆ ಒರಟಾಗಿ ಮುಗಿಯುತ್ತದೆ. ತಿದ್ದಿದ ಪಾಠದಲ್ಲಿ ಅದು ನಯವಾಗಿ ಇಳಿದು ನಿಲ್ಲುತ್ತದೆ, ರಾವೆಲ್‌ನಲ್ಲೂ ಹಾಗೆಯೇ. ಸ್ವರಲಿಪಿ ಕೊಳ್ಳುವ ಅಥವಾ ಬೇರೆ ವಾದಕರ ಧ್ವನಿಮುದ್ರಣ ಆರಿಸುವ ಆಲೋಚನೆ ನಿಮಗಿದ್ದರೆ ಈ ಜಾಗವನ್ನೂ ಎತ್ತಿನ ಗಾಡಿಯ ಆರಂಭವನ್ನೂ ಪರೀಕ್ಷಿಸಿ. ಗಾಡಿ ಗಟ್ಟಿಯಾಗಿ ಹೊರಟರೆ ನಿಮ್ಮ ಕೈಯಲ್ಲಿರುವುದು ಹಸ್ತಪ್ರತಿಯನ್ನು ಅನುಸರಿಸುವ, 1931ರಲ್ಲಿ ಪಾವೆಲ್ ಲಾಮ್ ಸಂಪಾದಿಸಿದ ಪಾಠ ಅಥವಾ ಅದರ ನಂತರದ್ದು. ಮೆಲ್ಲಗೆ ಹೊರಟರೆ ರಿಮ್‌ಸ್ಕಿ-ಕೊರ್ಸಕೋವ್‌ನ ಪಾಠ. ಮೊದಲ ಸಲ ಕೊಳ್ಳುವವರು ಹಸ್ತಪ್ರತಿಯ ಪಾಠವನ್ನೇ ಕೊಳ್ಳಬೇಕು.